ಮರಳಿ ಬಂದದ್ದೆ, ಹೊಸದಾಗಿ ಹುಟ್ಟಿದ್ದೆ?

ಸ್ತನ ಕ್ಯಾನ್ಸರಿನ ನಂತರ ಬರುವ ಬೇರೆ ಕ್ಯಾನ್ಸರನ್ನು ವೈದ್ಯವಿಜ್ಞಾನ ಗುರುತಿಸಿದ ಚರಿತ್ರೆ



ಒಬ್ಬ ಮಹಿಳೆಗೆ ಹನ್ನೆರಡು ವರ್ಷಗಳ ಹಿಂದೆ ಸ್ತನದ ಕ್ಯಾನ್ಸರ್ ಬಂದಿತ್ತು ಎಂದುಕೊಳ್ಳಿ. ಶಸ್ತ್ರಚಿಕಿತ್ಸೆ ಆಯಿತು, ಔಷಧೋಪಚಾರವೂ ಮುಗಿಯಿತು. ಆಕೆ ಗುಣ ಹೊಂದಿ ತಮ್ಮ ಸಂಸಾರ, ಕೆಲಸಗಳಲ್ಲಿ ತೊಡಗಿಕೊಂಡರು. ಈಗ ಇದ್ದಕ್ಕಿದ್ದಂತೆ ಹೊಟ್ಟೆ ಉಬ್ಬರಿಸುತ್ತಿದೆ. ಪರೀಕ್ಷೆ ಮಾಡಿದಾಗ ಅಂಡಾಶಯದಲ್ಲಿ ಒಂದು ಗಡ್ಡೆ ಕಂಡಿದೆ. ಮನೆಯವರ ಬಾಯಲ್ಲಿ ಬರುವ ಮೊದಲ ಮಾತು ಯಾವುದು? "ಹಳೆಯದೇ ಮರಳಿ ಬಂತು."

ಆದರೆ ತಿಳಿದ ವೈದ್ಯರು ಆ ಮಾತನ್ನು ಅಷ್ಟು ಬೇಗ ಒಪ್ಪುವುದಿಲ್ಲ. ಅವರು ಒಂದು ಪ್ರಶ್ನೆ ಕೇಳುತ್ತಾರೆ: ಇದು ಸ್ತನದಿಂದ ಹರಡಿ ಬಂದ ಹಳೆಯ ಕ್ಯಾನ್ಸರೊ, ಅಥವಾ ಅಂಡಾಶಯದಲ್ಲೇ ಹೊಸದಾಗಿ ಹುಟ್ಟಿದ ಇನ್ನೊಂದು ಕ್ಯಾನ್ಸರೊ?

ಕೇಳಲು ಇದು ಸಣ್ಣ ಪ್ರಶ್ನೆ. ಆದರೆ ಉತ್ತರದ ಮೇಲೆ ಒಂದು ಜೀವ ನಿಂತಿದೆ. ಸ್ತನದ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡಿದ್ದರೆ ಅದನ್ನು ಔಷಧಿಗಳಿಂದ ಹತೋಟಿಯಲ್ಲಿಡಬಹುದು. ಪೂರ್ತಿ ನಿವಾರಿಸುವುದು ಸಾಮಾನ್ಯವಾಗಿ ಕಷ್ಟ. ಬೇರೆ ಅಂಗದಲ್ಲಿ ಹೊಸದಾಗಿ ಹುಟ್ಟಿದ ಕ್ಯಾನ್ಸರಾದರೆ, ಅದನ್ನು ಬೇಗನೆ ಕಂಡುಹಿಡಿದಲ್ಲಿ, ಗುಣಪಡಿಸುವ ಅವಕಾಶ ಇದ್ದೇ ಇದೆ. ಒಂದನ್ನು ಇನ್ನೊಂದೆಂದು ತಿಳಿದರೆ ಕೊಡುವ ಔಷಧಿ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಇರುವ ಅವಕಾಶವೇ ಕೈತಪ್ಪುತ್ತದೆ.

ಈ ಎರಡನ್ನೂ ಬೇರ್ಪಡಿಸಿ ನೋಡಲು ವೈದ್ಯವಿಜ್ಞಾನಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಬೇಕಾಯಿತು. ಆ ಕಥೆಯಲ್ಲಿ ಶಸ್ತ್ರವೈದ್ಯರ ಕತ್ತಿಯಷ್ಟೇ ಮುಖ್ಯವಾದದ್ದು ಒಂದು ಸಾಧಾರಣ ವಸ್ತು. ಅದು ದಾಖಲೆ ಪುಸ್ತಕ.

ಮೂಲ ಎಂದರೇನು?

ನಮ್ಮ ದೇಹದ ಜೀವಕೋಶಗಳು ಒಂದು ಕಟ್ಟುಪಾಡಿನಲ್ಲಿ ಬೆಳೆಯುತ್ತವೆ, ಒಡೆಯುತ್ತವೆ, ಸಾಯುತ್ತವೆ. ಒಂದು ಕೋಶ ಈ ಕಟ್ಟುಪಾಡನ್ನು ಮೀರಿ ಬೆಳೆಯತೊಡಗಿದಾಗ ಕ್ಯಾನ್ಸರ್ ಆರಂಭವಾಗುತ್ತದೆ. ಅದು ಮೊದಲು ಹುಟ್ಟಿದ ಜಾಗವೇ ಅದರ ಮೂಲ. ಸ್ತನದಲ್ಲಿ ಹುಟ್ಟಿದ ಕ್ಯಾನ್ಸರ್ ಮೂಳೆಗೆ ಹೋದರೂ, ಶ್ವಾಸಕೋಶಕ್ಕೆ ಹೋದರೂ ಅದು ಸ್ತನದ ಕ್ಯಾನ್ಸರೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿಯೂ ಸ್ತನದ ಕೋಶಗಳೇ ಕಾಣುತ್ತವೆ.

ಒಂದು ಹೋಲಿಕೆ ನೋಡಿ. ಒಂದು ರಾಗಿ ಹೊಲದಲ್ಲಿ ಪಾರ್ಥೇನಿಯಂ ಕಳೆ ಬೆಳೆದಿದೆ. ಮುಂದಿನ ವರ್ಷ ಪಕ್ಕದ ಹೊಲದಲ್ಲೂ ಪಾರ್ಥೇನಿಯಂ ಕಂಡರೆ ಬೀಜ ಹಾರಿ ಬಂದಿದೆ ಎನ್ನಬಹುದು. ಆದರೆ ಪಕ್ಕದ ಹೊಲದಲ್ಲಿ ಗರಿಕೆ ಹಬ್ಬಿದ್ದರೆ? ಅದು ಪಾರ್ಥೇನಿಯಂ ಬೀಜದಿಂದ ಬಂದದ್ದಲ್ಲ. ಅದರ ಬೇರು ಬೇರೆ, ಅದನ್ನು ತೆಗೆಯುವ ಕ್ರಮವೂ ಬೇರೆ. ಒಬ್ಬರೇ ವ್ಯಕ್ತಿಯಲ್ಲಿ ಹೀಗೆ ಸ್ವತಂತ್ರವಾಗಿ ಹುಟ್ಟುವ ಇನ್ನೊಂದು ಕ್ಯಾನ್ಸರನ್ನು "ಎರಡನೆಯ ಮೂಲ ಕ್ಯಾನ್ಸರ್" ಎನ್ನುತ್ತಾರೆ. ಅದು ಇನ್ನೊಂದು ಸ್ತನದಲ್ಲಿ ಹುಟ್ಟಬಹುದು. ಅಂಡಾಶಯ, ಗರ್ಭಕೋಶ, ಶ್ವಾಸಕೋಶ, ರಕ್ತ, ಹೀಗೆ ಎಲ್ಲಿ ಬೇಕಾದರೂ ಹುಟ್ಟಬಹುದು.

ಬಿಲ್ರೋತ್ ಹಾಕಿದ ಮೂರು ಷರತ್ತು

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಈ ಪ್ರಶ್ನೆ ಏಳುವ ಸಂದರ್ಭವೇ ಕಡಿಮೆಯಿತ್ತು. ಅರಿವಳಿಕೆ ಬಳಕೆಗೆ ಬಂದದ್ದು 1846ರಲ್ಲಿ. ಗಾಯಕ್ಕೆ ಕೀವು ತುಂಬದಂತೆ ಕ್ರಿಮಿನಾಶಕ ಬಳಸುವ ವಿಧಾನವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಅದಕ್ಕೆ ಮುಂಚೆ ಸ್ತನ ಕ್ಯಾನ್ಸರಿನ ರೋಗಿ ಎರಡನೆಯ ಕ್ಯಾನ್ಸರ್ ಬರುವಷ್ಟು ಕಾಲ ಬದುಕಿರುವುದೇ ಅಪರೂಪವಾಗಿತ್ತು.

1858ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಶೋ ರೋಗದ ನೆಲೆಯನ್ನು ಜೀವಕೋಶದಲ್ಲೇ ಹುಡುಕಬೇಕು ಎಂದು ತೋರಿಸಿಕೊಟ್ಟರು. ಗಡ್ಡೆಯ ತುಣುಕನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಬೆಳೆಯಿತು. ಆಗ ವಿಯೆನ್ನಾದ ಪ್ರಸಿದ್ಧ ಶಸ್ತ್ರವೈದ್ಯ ಥಿಯೋಡರ್ ಬಿಲ್ರೋತ್ ಒಂದು ಸಂಗತಿಯನ್ನು ಗಮನಿಸಿದರು: ಕೆಲವು ರೋಗಿಗಳಲ್ಲಿ ಎರಡು ಗಡ್ಡೆಗಳು ಒಂದನ್ನೊಂದು ಹೋಲುವುದೇ ಇಲ್ಲ. ಒಂದು ಇನ್ನೊಂದರ ಮರಿ ಎಂದು ಹೇಳುವುದು ಹೇಗೆ?

1880ರ ದಶಕದ ಕೊನೆಯಲ್ಲಿ ಅವರು ಮೂರು ಷರತ್ತುಗಳನ್ನು ಮುಂದಿಟ್ಟರು. ಎರಡು ಗಡ್ಡೆಗಳ ಕೋಶರಚನೆ ಬೇರೆ ಬೇರೆ ಇರಬೇಕು. ಎರಡೂ ಬೇರೆ ಬೇರೆ ಜಾಗದಲ್ಲಿ ಹುಟ್ಟಿರಬೇಕು. ಎರಡೂ ತಮ್ಮ ತಮ್ಮದೇ ಆದ ಮರಿಗಡ್ಡೆಗಳನ್ನು ಹರಡಿರಬೇಕು.

ಮೂರನೆಯ ಷರತ್ತಿನ ತೊಡಕು ನಿಮಗೆ ಹೊಳೆದಿರಬಹುದು. ಎರಡೂ ಕ್ಯಾನ್ಸರ್ ಹರಡುವ ತನಕ ಕಾದರೆ ರೋಗಿ ಉಳಿಯುವುದೆಲ್ಲಿ? ಬಿಲ್ರೋತರ ಪಟ್ಟಿಗೆ ಹೊಂದುವ ರೋಗಿಗಳು ಸಿಕ್ಕುತ್ತಿದ್ದದ್ದು ಹೆಚ್ಚಾಗಿ ಶವಪರೀಕ್ಷೆಯ ಮೇಜಿನ ಮೇಲೆಯೇ.

ಈ ಗಂಟನ್ನು ಬಿಡಿಸಿದವರು ಅಮೆರಿಕದ ಬಾಸ್ಟನ್ನಿನ ಇಬ್ಬರು ರೋಗಶಾಸ್ತ್ರಜ್ಞರು, ಶೀಲ್ಡ್ಸ್ ವಾರೆನ್ ಮತ್ತು ಆಲಿವ್ ಗೇಟ್ಸ್. ಅವರು ಅಲ್ಲಿಯವರೆಗೆ ಪ್ರಕಟವಾಗಿದ್ದ 1,200ಕ್ಕೂ ಹೆಚ್ಚು ರೋಗಿಗಳ ವರದಿಗಳನ್ನು ಒಟ್ಟುಗೂಡಿಸಿ 1932ರಲ್ಲಿ ಒಂದು ಪ್ರಬಂಧ ಬರೆದರು. ಅವರ ಷರತ್ತುಗಳೂ ಮೂರೇ, ಆದರೆ ಸರಳವಾದವು: ಎರಡೂ ನಿಜವಾದ ಕ್ಯಾನ್ಸರ್ ಆಗಿರಬೇಕು, ಎರಡೂ ಪ್ರತ್ಯೇಕವಾಗಿರಬೇಕು, ಒಂದು ಇನ್ನೊಂದರಿಂದ ಹರಡಿದ್ದಲ್ಲ ಎಂದು ಖಚಿತವಾಗಿರಬೇಕು. ಇದರಿಂದ ಎರಡನೆಯ ಕ್ಯಾನ್ಸರನ್ನು ರೋಗಿ ಬದುಕಿರುವಾಗಲೇ ಗುರುತಿಸುವ ದಾರಿ ತೆರೆಯಿತು. ಇಂದಿಗೂ ವೈದ್ಯರು ಬಳಸುವ ನಿಯಮಗಳಿಗೆ ಇದೇ ತಳಹದಿ.

ಒಂದು ಕುಟುಂಬದ ವಂಶವೃಕ್ಷ

ಎರಡು ಕ್ಯಾನ್ಸರ್ ಒಬ್ಬರಿಗೇ ಬರುವುದು ಬರೀ ಆಕಸ್ಮಿಕವೆ? ಈ ಪ್ರಶ್ನೆಗೆ ಮೊದಲ ಸುಳಿವು ಬಂದದ್ದು ಬಿಲ್ರೋತರಿಗಿಂತ ಮುಂಚೆಯೇ, ಪ್ಯಾರಿಸ್ಸಿನಿಂದ.

ಪಾಲ್ ಬ್ರೋಕಾ ಎಂಬ ಹೆಸರನ್ನು ನೀವು ಜೀವಶಾಸ್ತ್ರದ ಪುಸ್ತಕದಲ್ಲಿ ಓದಿರಬಹುದು. ಮಿದುಳಿನಲ್ಲಿ ಮಾತಿನ ಕೇಂದ್ರವನ್ನು ಗುರುತಿಸಿದ ವೈದ್ಯರು ಅವರೇ. 1866ರಲ್ಲಿ ಗಡ್ಡೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಅವರು ಒಂದು ಕುಟುಂಬದ ವಂಶಾವಳಿಯನ್ನು ಕೊಟ್ಟಿದ್ದಾರೆ. 1788ರಿಂದ 1856ರವರೆಗೆ, ನಾಲ್ಕು ತಲೆಮಾರುಗಳಲ್ಲಿ, 24 ಮಂದಿ ಹೆಣ್ಣುಮಕ್ಕಳ ಪೈಕಿ 10 ಮಂದಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅದೇ ಮನೆತನದಲ್ಲಿ ಬೇರೆ ಅಂಗಗಳ ಕ್ಯಾನ್ಸರಿನಿಂದ ಸತ್ತವರೂ ಇದ್ದರು. ಅದು ಬ್ರೋಕಾ ಅವರ ಪತ್ನಿಯ ಮನೆತನ ಎಂದು ಹೇಳಲಾಗುತ್ತದೆ.

ಚರಿತ್ರೆಯ ಒಂದು ಸ್ವಾರಸ್ಯ ನೋಡಿ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿದ ಗ್ರೆಗರ್ ಮೆಂಡೆಲರ ಪ್ರಬಂಧ ಅಚ್ಚಾದದ್ದೂ ಅದೇ 1866ರಲ್ಲಿ. ಒಬ್ಬರ ಬಳಿ ರೋಗದ ವಂಶಾವಳಿ ಇತ್ತು, ಇನ್ನೊಬ್ಬರ ಬಳಿ ವಂಶಾವಳಿಯ ನಿಯಮವಿತ್ತು. ಎರಡೂ ಕೂಡಿಕೊಳ್ಳಲು ಮುಂದೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

1969ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಫ್ರೆಡರಿಕ್ ಲೀ ಮತ್ತು ಜೋಸೆಫ್ ಫ್ರಾಮೆನಿ ಎಂಬ ಇಬ್ಬರು ಯುವ ವೈದ್ಯರು ನಾಲ್ಕು ಕುಟುಂಬಗಳ ವಿವರ ಪ್ರಕಟಿಸಿದರು. ಈ ಮನೆಗಳಲ್ಲಿ ಮಕ್ಕಳಿಗೆ ಸ್ನಾಯು ಮುಂತಾದ ಮೃದು ಅಂಗಾಂಶಗಳ ಕ್ಯಾನ್ಸರ್, ತಾಯಂದಿರಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್, ಇನ್ನು ಕೆಲವರಿಗೆ ಬೇರೆ ಬೇರೆ ಕ್ಯಾನ್ಸರ್. ಕಾಕತಾಳೀಯ ಇರಬಹುದು ಎಂದವರು ಬಹಳ. ಲೀ ಮತ್ತು ಫ್ರಾಮೆನಿ ವಾದಕ್ಕೆ ನಿಲ್ಲಲಿಲ್ಲ, ಕಾದು ನೋಡಿದರು. 1981ರವರೆಗೆ ಅದೇ ಕುಟುಂಬಗಳ ಬದುಕುಳಿದ 31 ಮಂದಿಯನ್ನು ಗಮನಿಸಿದರು. ಸಾಮಾನ್ಯ ಲೆಕ್ಕದಲ್ಲಿ ಅಷ್ಟು ಜನರಲ್ಲಿ ಆ ಅವಧಿಯಲ್ಲಿ ಅರ್ಧ ಕ್ಯಾನ್ಸರ್ ಬರಬೇಕಿತ್ತು. ಬಂದದ್ದು 16! ಅವುಗಳಲ್ಲಿ 5 ಸ್ತನದವು. ಎಂಟು ಮಂದಿಗೆ ಒಂದಕ್ಕಿಂತ ಹೆಚ್ಚು ಮೂಲ ಕ್ಯಾನ್ಸರ್ ಬಂದಿತ್ತು. 1990ರಲ್ಲಿ ಇದರ ಕಾರಣ ಸಿಕ್ಕಿತು: ಕೋಶಗಳನ್ನು ಕಾಯುವ ಪಿ-53 ಎಂಬ ವಂಶವಾಹಿಯಲ್ಲಿ ಹುಟ್ಟಿನಿಂದಲೇ ಇರುವ ದೋಷ.

ಇತ್ತ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಹೆನ್ರಿ ಲಿಂಚ್ ಎಂಬ ವೈದ್ಯರು ಮನೆಮನೆಯ ಕ್ಯಾನ್ಸರ್ ಚರಿತ್ರೆಯನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಕೆಲವು ಮನೆತನಗಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಜೊತೆಜೊತೆಯಾಗಿ ಬರುತ್ತವೆ ಎಂದು ಅವರು 1970ರ ದಶಕದ ಆರಂಭದಲ್ಲೇ ಹೇಳಿದರು. ಕ್ಯಾನ್ಸರ್ ವಂಶಪಾರಂಪರ್ಯವಾಗಿ ಬರುವುದೆಂಬ ಮಾತಿಗೆ ಆಗ ಹೆಚ್ಚು ಬೆಲೆ ಇರಲಿಲ್ಲ. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ ಆ ವಂಶವಾಹಿ 17ನೆಯ ವರ್ಣತಂತುವಿನ ಮೇಲಿದೆ ಎಂದು ತೋರಿಸಿದಾಗ ವಾದ ಮುಗಿಯಿತು. 1994ರಲ್ಲಿ ಬಿಆರ್‌ಸಿಎ-1, 1995ರಲ್ಲಿ ಬಿಆರ್‌ಸಿಎ-2 ಎಂಬ ಎರಡು ವಂಶವಾಹಿಗಳ ಪೂರ್ಣ ಸ್ವರೂಪ ಬೆಳಕಿಗೆ ಬಂತು.

ಇವು ಸಾಮಾನ್ಯವಾಗಿ ಮಾಡುವ ಕೆಲಸ ರಿಪೇರಿಯದು. ಕೋಶದೊಳಗಿನ ಡಿ.ಎನ್.ಎ. ತುಂಡಾದಾಗ ಅದನ್ನು ಸರಿಪಡಿಸುತ್ತವೆ. ಈ ರಿಪೇರಿ ಸರಿಯಾಗಿ ನಡೆಯದಿದ್ದರೆ ದೋಷಗಳು ಕೂಡಿಕೊಳ್ಳುತ್ತಾ ಹೋಗುತ್ತವೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಬಿಆರ್‌ಸಿಎ-1 ದೋಷವಿರುವ ಮಹಿಳೆಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಶೇಕಡ 72, ಅಂಡಾಶಯದ್ದು ಶೇಕಡ 44. ಒಂದು ಸ್ತನದಲ್ಲಿ ರೋಗ ಬಂದವರಿಗೆ 20 ವರ್ಷದೊಳಗೆ ಇನ್ನೊಂದು ಸ್ತನದಲ್ಲೂ ಬರುವ ಸಂಭವ ಶೇಕಡ 40. ಆದರೆ ಇದನ್ನೂ ನೆನಪಿಡಿ: ಸ್ತನ ಕ್ಯಾನ್ಸರಿನ ಎಲ್ಲ ರೋಗಿಗಳನ್ನು ತೆಗೆದುಕೊಂಡರೆ ಹೀಗೆ ವಂಶದಿಂದ ಬಂದ ದೋಷವಿರುವವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ.

ಈ ಅರಿವಿನಿಂದ ಔಷಧಿಯೂ ಹುಟ್ಟಿತು. ರಿಪೇರಿಯ ಒಂದು ದಾರಿ ಮೊದಲೇ ಮುಚ್ಚಿಹೋಗಿರುವ ಕ್ಯಾನ್ಸರ್ ಕೋಶದಲ್ಲಿ ಇನ್ನೊಂದು ದಾರಿಯನ್ನೂ ಮುಚ್ಚಿದರೆ ಆ ಕೋಶ ಸಾಯುತ್ತದೆ. ಈ ತತ್ತ್ವದ ಮೇಲೆ ತಯಾರಾದ ಓಲಾಪಾರಿಬ್ ಅಮೆರಿಕದಲ್ಲಿ 2014ರಲ್ಲಿ ಅಂಡಾಶಯದ ಕ್ಯಾನ್ಸರಿಗೆ, 2018ರಲ್ಲಿ ಸ್ತನ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು.

ದಾಖಲೆ ಪುಸ್ತಕದ ಶಕ್ತಿ

ಕೆಲವು ಕುಟುಂಬಗಳ ಕಥೆ ಹೀಗಾಯಿತು. ಹಾಗಾದರೆ ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಯ ಕಥೆ? ಅವರಲ್ಲಿ ಎರಡನೆಯ ಕ್ಯಾನ್ಸರ್ ಎಷ್ಟು? ಏಕೆ? ಇದಕ್ಕೆ ಒಬ್ಬ ವೈದ್ಯರ ಅನುಭವ ಸಾಲದು. ಇಡೀ ನಾಡಿನ ಲೆಕ್ಕ ಬೇಕು.

ಈ ಲೆಕ್ಕದ ಹಾದಿಯಲ್ಲಿ ಮೊದಲು ನೆನೆಯಬೇಕಾದ ಹೆಸರು ಇಂಗ್ಲೆಂಡಿನ ಜಾನೆಟ್ ಲೇನ್-ಕ್ಲೇಪನ್. 1926ರಲ್ಲಿ ಅವರು ಸ್ತನ ಕ್ಯಾನ್ಸರ್ ಬಂದ ಸುಮಾರು 500 ಮಹಿಳೆಯರನ್ನೂ, ಬಾರದ ಸುಮಾರು 500 ಮಹಿಳೆಯರನ್ನೂ ಹೋಲಿಸಿ ನೋಡಿದರು. ತಡವಾಗಿ ಮದುವೆಯಾದವರು, ಕಡಿಮೆ ಮಕ್ಕಳಿರುವವರು, ಮಗುವಿಗೆ ಕಡಿಮೆ ಕಾಲ ಹಾಲೂಡಿದವರಲ್ಲಿ ರೋಗ ಹೆಚ್ಚೆಂದು ತಿಳಿದುಬಂತು. ಹೆಣ್ಣಿನ ದೇಹದ ಹಾರ್ಮೋನುಗಳಿಗೂ ಈ ರೋಗಕ್ಕೂ ಸಂಬಂಧವಿದೆ ಎಂಬುದಕ್ಕೆ ಇದು ದಾರಿ ತೋರಿತು. ಅಂಡಾಶಯ ಮತ್ತು ಗರ್ಭಕೋಶದ ಒಳಪದರ ಸಹ ಹಾರ್ಮೋನುಗಳ ಪ್ರಭಾವಕ್ಕೆ ಒಳಗಾದ ಅಂಗಗಳೇ. ಒಂದೇ ಮಣ್ಣಿನಲ್ಲಿ ಎರಡು ಬೇರೆ ಕಳೆ ಏಳುವುದಕ್ಕೆ ಇದೂ ಒಂದು ಕಾರಣ.

ಆಮೇಲೆ ನೋಂದಣಿ ಕಚೇರಿಗಳು ಬಂದವು. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ 1935ರಿಂದ ಕ್ಯಾನ್ಸರ್ ರೋಗಿಗಳ ವಿವರ ಲಭ್ಯ. ಡೆನ್ಮಾರ್ಕ್ 1942ರಲ್ಲಿ ಇಡೀ ದೇಶಕ್ಕೆ ಒಂದೇ ನೋಂದಣಿಯನ್ನು ಆರಂಭಿಸಿತು. ಈ ಎರಡೂ ಕಡೆಯ ದಾಖಲೆಗಳನ್ನು ಜೋಡಿಸಿ, ಒಬ್ಬರಿಗೇ ಬರುವ ಹಲವು ಮೂಲ ಕ್ಯಾನ್ಸರುಗಳ ಬಗ್ಗೆ ಒಂದು ದೊಡ್ಡ ವರದಿಯನ್ನು 1985ರಲ್ಲಿ ಪ್ರಕಟಿಸಲಾಯಿತು.

ಲೆಕ್ಕ ಹಾಕುವ ಕ್ರಮ ನಿಮಗೆ ಕಷ್ಟವಲ್ಲ. ಉದಾಹರಣೆಗೆ, ಸ್ತನ ಕ್ಯಾನ್ಸರಿನಿಂದ ಗುಣವಾದ 1,000 ಮಹಿಳೆಯರನ್ನು 10 ವರ್ಷ ಗಮನಿಸಿದ್ದೇವೆ ಎನ್ನಿ. ಅದೇ ವಯಸ್ಸಿನ ಸಾಮಾನ್ಯ ಮಹಿಳೆಯರು 1,000 ಮಂದಿ ಇದ್ದಿದ್ದರೆ ಅಷ್ಟು ಕಾಲದಲ್ಲಿ 5 ಮಂದಿಗೆ ಒಂದು ಬಗೆಯ ಕ್ಯಾನ್ಸರ್ ಬರುತ್ತಿತ್ತು ಎಂದಿಟ್ಟುಕೊಳ್ಳಿ. ಇದು ನಿರೀಕ್ಷಿತ ಸಂಖ್ಯೆ. ನಮ್ಮ ಗುಂಪಿನಲ್ಲಿ ನಿಜವಾಗಿ 10 ಮಂದಿಗೆ ಬಂದಿದ್ದರೆ ಅಪಾಯ ಎರಡು ಪಟ್ಟು ಎಂದಾಯಿತು. ಆದರೆ ಎಚ್ಚರವಿರಬೇಕು. ಒಮ್ಮೆ ರೋಗ ಬಂದವರನ್ನು ವೈದ್ಯರು ಪದೇ ಪದೇ ಪರೀಕ್ಷಿಸುತ್ತಾರೆ. ಆದ್ದರಿಂದ ಬೇರೆಯವರಲ್ಲಿ ಕಣ್ಣಿಗೆ ಬೀಳದ ಗಡ್ಡೆಯೂ ಇವರಲ್ಲಿ ಸಿಕ್ಕುತ್ತದೆ. ಎಲ್ಲ ಹೆಚ್ಚಳವೂ ನಿಜವಾದ ಹೆಚ್ಚಳವಲ್ಲ.

ನಮ್ಮ ದೇಶದಲ್ಲಿ ಇಂಥ ಮೊದಲ ನೋಂದಣಿ ಮುಂಬಯಿಯಲ್ಲಿ 1963ರಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಲ್ಲಿ 1982ರಿಂದ ಮುಂಬಯಿ, ಮದರಾಸುಗಳ ಜೊತೆಗೆ ಬೆಂಗಳೂರಿನಲ್ಲಿಯೂ ಜನಸಂಖ್ಯೆ ಆಧಾರಿತ ನೋಂದಣಿ ಶುರುವಾಯಿತು. ಬೆಂಗಳೂರಿನ ಕೆಲಸ ನಡೆಯುವುದು 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿಂದ. ಸಿಬ್ಬಂದಿ ತಾವೇ ಆಸ್ಪತ್ರೆ, ಪ್ರಯೋಗಾಲಯ, ಮರಣ ನೋಂದಣಿ ಕಚೇರಿಗಳಿಗೆ ಹೋಗಿ ವಿವರ ಬರೆದು ತರುತ್ತಾರೆ. ಒಂದು ಕಡೆ ಗಂಡನ ಹೆಸರಿನೊಡನೆ, ಇನ್ನೊಂದು ಕಡೆ ತಂದೆಯ ಹೆಸರಿನೊಡನೆ ಬರೆಸಿದ ಮಹಿಳೆ ಒಬ್ಬರೇ ಎಂದು ಪತ್ತೆ ಹಚ್ಚುವುದು ಸುಲಭವಲ್ಲ. ಅದನ್ನು ಪತ್ತೆ ಹಚ್ಚದಿದ್ದರೆ ಒಬ್ಬರಿಗೇ ಬಂದ ಎರಡು ಕ್ಯಾನ್ಸರ್ ಇಬ್ಬರು ರೋಗಿಗಳ ಲೆಕ್ಕಕ್ಕೆ ಸೇರಿಬಿಡುತ್ತದೆ!

ಚಿಕಿತ್ಸೆಯೇ ಕಾರಣವಾದಾಗ

ಈಗ ಚರಿತ್ರೆಯ ಒಂದು ಕಹಿ ಅಧ್ಯಾಯಕ್ಕೆ ಬರೋಣ. ಕೆಲವು ಎರಡನೆಯ ಕ್ಯಾನ್ಸರುಗಳಿಗೆ ಮೊದಲ ಕ್ಯಾನ್ಸರಿಗೆ ಕೊಟ್ಟ ಚಿಕಿತ್ಸೆಯೇ ಕಾರಣ.

1895ರಲ್ಲಿ ರಾಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. ಸ್ವಲ್ಪ ಕಾಲದಲ್ಲೇ ಅವುಗಳಿಂದ ಗಡ್ಡೆಗಳಿಗೆ ಚಿಕಿತ್ಸೆ ಕೊಡುವ ಪ್ರಯತ್ನ ಶುರುವಾಯಿತು. ಆದರೆ ಥಾಮಸ್ ಎಡಿಸನ್ನರ ಸಹಾಯಕರಾಗಿ ಕ್ಷ-ಕಿರಣಗಳೊಡನೆ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಡ್ಯಾಲಿ ಕೈಗಳಲ್ಲಿ ಕ್ಯಾನ್ಸರ್ ಎದ್ದು 1904ರಲ್ಲಿ ತೀರಿಕೊಂಡರು. ಗಡ್ಡೆಯನ್ನು ಕರಗಿಸುವ ಕಿರಣವೇ ಗಡ್ಡೆಯನ್ನು ಹುಟ್ಟಿಸಲೂಬಲ್ಲದು ಎಂದು ಜಗತ್ತು ತಿಳಿಯಿತು.

ಶಸ್ತ್ರಚಿಕಿತ್ಸೆಯ ಪರಿಣಾಮವೂ ಇತ್ತು. ಬಾಲ್ಟಿಮೋರಿನ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಚಾರಕ್ಕೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುತ್ತಿದ್ದರು. ಅದರಿಂದ ಅನೇಕರ ತೋಳು ವರ್ಷಗಟ್ಟಲೆ ಊದಿಕೊಂಡೇ ಇರುತ್ತಿತ್ತು. 1948ರಲ್ಲಿ ನ್ಯೂಯಾರ್ಕಿನ ಸ್ಟೂವರ್ಟ್ ಮತ್ತು ಟ್ರೀವ್ಸ್ ಎಂಬ ವೈದ್ಯರು ಹೀಗೆ ಊದಿದ ತೋಳಿನಲ್ಲಿ ಹೊಸ ಬಗೆಯ ಕ್ಯಾನ್ಸರ್ ಎದ್ದ ಆರು ರೋಗಿಗಳ ವಿವರ ಕೊಟ್ಟರು. ನೋಡಿದವರು ಹಳೆಯ ಸ್ತನ ಕ್ಯಾನ್ಸರೇ ಚರ್ಮಕ್ಕೆ ಹಬ್ಬಿದೆ ಎನ್ನುವಂತಿತ್ತು. ಅದು ಹಾಗಲ್ಲ, ನಾಳಗಳ ಗೋಡೆಯಲ್ಲಿ ಹುಟ್ಟಿದ ಬೇರೆಯೇ ಕ್ಯಾನ್ಸರ್ ಎಂದು ಅವರು ತೋರಿಸಿದರು.

ದಾಖಲೆ ಪುಸ್ತಕಗಳು ಇಲ್ಲಿ ಮತ್ತೆ ನೆರವಿಗೆ ಬಂದವು. 1992ರಲ್ಲಿ ಎರಡು ಮುಖ್ಯ ಅಧ್ಯಯನಗಳು ಪ್ರಕಟವಾದವು. ವಿಕಿರಣ ಚಿಕಿತ್ಸೆಯಿಂದ ಇನ್ನೊಂದು ಸ್ತನದಲ್ಲಿ ಕ್ಯಾನ್ಸರ್ ಬರುವ ಅಪಾಯ ಮುಖ್ಯವಾಗಿ 45 ವರ್ಷಕ್ಕಿಂತ ಕಿರಿಯರಲ್ಲಿ ಕಾಣುತ್ತದೆ ಎಂದು ಮೊದಲನೆಯದು ತೋರಿಸಿತು. ಎರಡನೆಯದು ರಕ್ತದ ಕ್ಯಾನ್ಸರಿಗೆ ಸಂಬಂಧಿಸಿದ್ದು. 82,700 ಮಂದಿ ಸ್ತನ ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಆಧರಿಸಿ ನೋಡಿದಾಗ, ಆಗ ಬಳಕೆಯಲ್ಲಿದ್ದ ಮೆಲ್ಫಲಾನ್ ಎಂಬ ಔಷಧಿ ಸೈಕ್ಲೋಫಾಸ್ಫಮೈಡ್‌ಗಿಂತ ಹತ್ತು ಪಟ್ಟು ಹೆಚ್ಚಾಗಿ ರಕ್ತದ ಕ್ಯಾನ್ಸರನ್ನು ತರುತ್ತದೆ ಎಂದು ತಿಳಿಯಿತು. ಎರಡನೆಯ ಔಷಧಿಯಿಂದಲೇ ಅದೇ ಕೆಲಸ ಆಗುವಾಗ ಮೊದಲನೆಯದೇಕೆ? ಸ್ತನ ಕ್ಯಾನ್ಸರಿಗೆ ಮೆಲ್ಫಲಾನ್ ಕೊಡುವ ರೂಢಿ ಹಿಂದೆ ಸರಿಯಿತು. ಲೆಕ್ಕ ಬರೆದವರಿಂದ ಜೀವ ಉಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಟ್ಯಾಮಾಕ್ಸಿಫೆನ್ ಗುಳಿಗೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಇಂಗ್ಲೆಂಡಿನಲ್ಲಿ 1962ರಲ್ಲಿ ಗರ್ಭನಿರೋಧಕವಾಗಲೆಂದು ತಯಾರಿಸಿದ ಈ ರಾಸಾಯನಿಕ ಆ ಕೆಲಸಕ್ಕೆ ಒದಗಲಿಲ್ಲ. 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಿಂದ, ಇದು ಸ್ತನ ಕ್ಯಾನ್ಸರಿಗೆ ಮದ್ದಾಗಬಲ್ಲದೆಂಬ ಮೊದಲ ವರದಿ ಬಂತು. ಅದು ಲಕ್ಷಾಂತರ ಮಹಿಳೆಯರ ಜೀವ ಉಳಿಸಿದ ಔಷಧಿಯಾಯಿತು. 1989ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಿಂದ ಬಂದ ವರದಿಯಲ್ಲಿ ಎರಡು ಮಾತಿದ್ದವು. ಈ ಗುಳಿಗೆ ತೆಗೆದುಕೊಂಡವರಲ್ಲಿ ಇನ್ನೊಂದು ಸ್ತನದ ಕ್ಯಾನ್ಸರ್ ಕಡಿಮೆ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚು. ಒಂದೇ ಗುಳಿಗೆ ಒಂದು ಅಂಗದಲ್ಲಿ ಹಾರ್ಮೋನಿಗೆ ತಡೆ, ಇನ್ನೊಂದು ಅಂಗದಲ್ಲಿ ಅದೇ ಹಾರ್ಮೋನಿನ ಹಾಗೆ ಪ್ರಚೋದನೆ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1996ರಲ್ಲಿ ಇದನ್ನು ಕ್ಯಾನ್ಸರಕಾರಕಗಳ ಪಟ್ಟಿಗೆ ಸೇರಿಸಿತು. ಇನ್ನೊಂದು ಸ್ತನವನ್ನು ಇದು ಕಾಪಾಡುತ್ತದೆ ಎಂಬುದನ್ನೂ ಒಪ್ಪಿಕೊಂಡಿತು. ಇದನ್ನು ಓದಿ ಯಾರೂ ಗುಳಿಗೆ ನಿಲ್ಲಿಸಬಾರದು. ರೋಗಿಗೆ ಲಾಭವೇ ದೊಡ್ಡದು. ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ ತಡಮಾಡದೆ ವೈದ್ಯರಿಗೆ ಹೇಳಬೇಕು, ಅಷ್ಟೆ.

ದೂರದರ್ಶನದ ಓದುಗರಾದ ನಿಮಗೆ ಇನ್ನೊಂದು ಉದಾಹರಣೆ ಇಷ್ಟವಾದೀತು. ಅಮೆರಿಕದ ಟಿ.ವಿ. ನಿರೂಪಕಿ ರಾಬಿನ್ ರಾಬರ್ಟ್ಸ್ ಅವರಿಗೆ 2007ರಲ್ಲಿ ಸ್ತನ ಕ್ಯಾನ್ಸರ್ ಬಂತು. ಗುಣವಾದ ಐದು ವರ್ಷಕ್ಕೆ, 2012ರಲ್ಲಿ, ಅಸ್ಥಿಮಜ್ಜೆಯಲ್ಲಿ ರಕ್ತಕೋಶಗಳು ಸರಿಯಾಗಿ ತಯಾರಾಗದ, ರಕ್ತದ ಕ್ಯಾನ್ಸರಿಗೆ ತಿರುಗಬಲ್ಲ ಎಂ.ಡಿ.ಎಸ್. ಎಂಬ ರೋಗ ಕಾಣಿಸಿತು. ಹಳೆಯದೇ ಮರಳಿತೆಂದು ಕೈಚೆಲ್ಲಲಿಲ್ಲ. ಅದು ಬೇರೆ ರೋಗವಾದ್ದರಿಂದ ಅದಕ್ಕೆ ಬೇರೆ ಚಿಕಿತ್ಸೆ ಇತ್ತು. ಅಕ್ಕನ ಅಸ್ಥಿಮಜ್ಜೆಯನ್ನು ಪಡೆದು 2013ರ ಫೆಬ್ರವರಿಯಲ್ಲಿ ಅವರು ಮತ್ತೆ ಕಾರ್ಯಕ್ರಮಕ್ಕೆ ಬಂದರು.

ಭಯ ಎಷ್ಟು, ಎಚ್ಚರ ಎಷ್ಟು?

ಇಷ್ಟು ಓದಿದ ಮೇಲೆ ಸ್ತನ ಕ್ಯಾನ್ಸರ್ ಬಂದವರಿಗೆಲ್ಲ ಇನ್ನೊಂದು ಕ್ಯಾನ್ಸರ್ ಖಂಡಿತ ಎಂದು ನೀವು ಹೆದರಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 1993ರಿಂದ 2016ರವರೆಗೆ ಆರಂಭದ ಹಂತದ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ 4,76,000ಕ್ಕೂ ಹೆಚ್ಚು ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. 20 ವರ್ಷಗಳಲ್ಲಿ ನೂರಕ್ಕೆ ಸುಮಾರು 14 ಮಂದಿಗೆ ಸ್ತನವಲ್ಲದ ಬೇರೆ ಅಂಗದ ಕ್ಯಾನ್ಸರ್ ಬಂದಿತ್ತು. ಆದರೆ ಅದೇ ವಯಸ್ಸಿನ ಸಾಮಾನ್ಯ ಮಹಿಳೆಯರಲ್ಲೂ ಸುಮಾರು 12 ಮಂದಿಗೆ ಬರುತ್ತದೆ! ಹೆಚ್ಚಳ ಎರಡೇ. ಇನ್ನೊಂದು ಸ್ತನದ ಕ್ಯಾನ್ಸರ್ ನೂರಕ್ಕೆ ಐದಾರು ಮಂದಿಗೆ ಬಂದಿತ್ತು. ಅದರಲ್ಲಿ ಹೆಚ್ಚಳ ಸುಮಾರು ಮೂರು. ಅಂದರೆ ಅಪಾಯ ನಿಜ, ಆದರೆ ಚಿಕ್ಕದು. ಕುಟುಂಬದಲ್ಲಿ ರೋಗವಿರುವವರಿಗೆ, ಚಿಕ್ಕ ವಯಸ್ಸಿನಲ್ಲೇ ರೋಗ ಬಂದವರಿಗೆ ಅದು ದೊಡ್ಡದು.

ಹಾಗಾದರೆ ನಾವು ಮಾಡಬಹುದಾದದ್ದೇನು?

ಮೊದಲನೆಯದಾಗಿ, ಕಾಗದಪತ್ರ ಕಾಪಾಡಿ. ಶಸ್ತ್ರಚಿಕಿತ್ಸೆಯ ವರದಿ, ಗಡ್ಡೆಯ ಪರೀಕ್ಷೆಯ ವರದಿ, ಕೊಟ್ಟ ಔಷಧಿ ಮತ್ತು ವಿಕಿರಣದ ವಿವರಗಳನ್ನು ಗುಣವಾದ ಮೇಲೆ ಹಳೆಯ ಕಾಗದವೆಂದು ಎಸೆಯಬೇಡಿ. ಇಪ್ಪತ್ತು ವರ್ಷಗಳ ನಂತರ ಹೊಸ ಗಡ್ಡೆ ಕಂಡಾಗ ವೈದ್ಯರು ಹೋಲಿಸಿ ನೋಡಲು ಕೇಳುವುದು ಅದನ್ನೇ.

ಎರಡನೆಯದಾಗಿ, ಮನೆತನದ ಚರಿತ್ರೆ ತಿಳಿದುಕೊಳ್ಳಿ. ನಮ್ಮ ಮನೆಗಳಲ್ಲಿ "ಅಜ್ಜಿ ಹೊಟ್ಟೆನೋವಿನಿಂದ ಹೋದರು," "ಸೋದರತ್ತೆಗೆ ಏನೋ ಹೆಂಗಸರ ಕಾಯಿಲೆ" ಎಂದು ಮಾತು ಮುಗಿಸಿಬಿಡುತ್ತಾರೆ. ಆ "ಹೊಟ್ಟೆನೋವು" ಅಂಡಾಶಯದ ಕ್ಯಾನ್ಸರ್ ಆಗಿದ್ದಿರಬಹುದು. ತಾಯಿಯ ಕಡೆಯವರನ್ನಷ್ಟೇ ಕೇಳಿದರೆ ಸಾಲದು. ಬಿಆರ್‌ಸಿಎ ದೋಷ ತಂದೆಯಿಂದಲೂ ಮಗಳಿಗೆ ಬರುತ್ತದೆ. ಗಂಡಸರಲ್ಲೂ ಸ್ತನ, ಪ್ರಾಸ್ಟೇಟ್ ಗ್ರಂಥಿಗಳ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಮೂರನೆಯದಾಗಿ, ತಂಬಾಕಿನಿಂದ ದೂರವಿರಿ. ಎದೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಧೂಮಪಾನಿಗಳಿಗೇ ಬಹಳ ಹೆಚ್ಚು.

ಕೊನೆಯದಾಗಿ, ಗುಣವಾದ ಮೇಲೂ ತಪಾಸಣೆ ಬಿಡಬಾರದು. ಹೊಸ ಗಡ್ಡೆ ಕಂಡರೆ "ಇನ್ನೇನು" ಎಂದು ಸುಮ್ಮನಾಗಲೂ ಬಾರದು. ಅದು ಯಾವುದೆಂದು ಕೋಶಪರೀಕ್ಷೆ ಹೇಳಲಿ.

ಭಾರತದ ಮಹಿಳೆಯರಲ್ಲಿ ಇಂದು ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿದೆ. ಚಿಕಿತ್ಸೆ ಸುಧಾರಿಸಿದಂತೆ ಗುಣ ಹೊಂದಿ ದೀರ್ಘಕಾಲ ಬಾಳುವವರೂ ಹೆಚ್ಚುತ್ತಿದ್ದಾರೆ. ಎರಡನೆಯ ಕ್ಯಾನ್ಸರಿನ ಪ್ರಶ್ನೆ ಬಿಲ್ರೋತರ ಕಾಲದಲ್ಲಿ ಶವಪರೀಕ್ಷೆಯ ಕೋಣೆಯಲ್ಲಿತ್ತು. ಇಂದು ಅದು ಬದುಕಿರುವವರ ಪ್ರಶ್ನೆಯಾಗಿದೆ. ಇದು ಒಂದು ದೃಷ್ಟಿಯಿಂದ ಸಂತೋಷದ ಸಂಗತಿಯೇ. ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ಸಂಖ್ಯಾಶಾಸ್ತ್ರಜ್ಞರು, ಕೆಲವರು ನೋಂದಣಿ ಕಚೇರಿಯ ಗುಮಾಸ್ತರು. ಈ ಚರಿತ್ರೆಯಲ್ಲಿ ಮೂವರಿಗೂ ಸಮಾನ ಗೌರವವಿದೆ.

ತರಗತಿಯಲ್ಲಿ ಚರ್ಚಿಸಲು

1. ಬಿಲ್ರೋತರ ಮೂರನೆಯ ಷರತ್ತನ್ನು ವಾರೆನ್ ಮತ್ತು ಗೇಟ್ಸ್ ಏಕೆ ಕೈಬಿಟ್ಟರು?

2. ಒಂದು ಔಷಧಿ ಒಂದು ಕ್ಯಾನ್ಸರನ್ನು ತಡೆದು ಇನ್ನೊಂದನ್ನು ತರಬಲ್ಲದು ಎಂದು ತಿಳಿದಾಗ ಅದನ್ನು ಬಳಸಬೇಕೆ, ಬೇಡವೆ ಎಂದು ಹೇಗೆ ತೀರ್ಮಾನಿಸುವಿರಿ?

3. ನಿಮ್ಮ ಮನೆತನದ ಮೂರು ತಲೆಮಾರಿನ ವಂಶವೃಕ್ಷವನ್ನು ಹಿರಿಯರನ್ನು ಕೇಳಿ ಬರೆಯಿರಿ. ಅವರಿಗೆ ಬಂದಿದ್ದ ಮುಖ್ಯ ಕಾಯಿಲೆಗಳನ್ನೂ ಗುರುತಿಸಿ, ಮನೆಯಲ್ಲೇ ಜೋಪಾನವಾಗಿ ಇಟ್ಟುಕೊಳ್ಳಿ.